ರುಖಿಯಾಳ ತಲೆಯೆಣ್ಣೆ

ಯಾಕೂಬಾಕರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಯಾರಾದರೂ ಹೇಳಿದರೆ ದುಬೈಯ ದೇರಾದ ಮಸಾಲೆ ಪೇಟೆ ಇಡೀ ನಕ್ಕುಬಿಟ್ಟೀತು. ಆ ಮೂಗಿನಲ್ಲಿ ಕೋಪಕ್ಕೆ ಜಾಗ ಎಲ್ಲಿತ್ತು? ಅಲ್ಲಿ ಆಗಲೇ ಒಮಾನಿನ ಸಾಂಬ್ರಾಣಿ, ಸುಡಾನಿನ ಕರ್ಕಡೆ ಹೂವು, ಇರಾನಿನ ಗುಲಾಬಿ ಮೊಗ್ಗು, ಯೆಮೆನಿನ ಹೀರಾಬೋಳ ಎಲ್ಲ ಬಂದು ಬಿಡಾರ ಹೂಡಿದ್ದವು. ಉಚ್ಚಿಲದ ಕಡಲಬದಿಯ ಬ್ಯಾರಿ ಹುಡುಗನಾಗಿ ದುಬೈಗೆ ಬಂದಿಳಿದವರು, ಎಲ್ಲರೂ ‘ಆಗಾ’ ಎಂದು ಕರೆಯುವ ಇರಾನಿ ಯಜಮಾನರ ಗಿಡಮೂಲಿಕೆ ಅಂಗಡಿಗೆ ಸೇರಿ, ಅಲ್ಲೇ ಗಡ್ಡ ಬೆಳ್ಳಗೆ ಮಾಡಿಕೊಂಡರು. ಚೀಲದ ಬಾಯಿ ಬಿಚ್ಚುತ್ತಿದ್ದ ಹಾಗೇ, ಈ ಪುದೀನ ಹಳೆಯದು, ಈ ಹೂವಿಗೆ ಹಡಗಿನಲ್ಲಿ ನೀರು ತಾಗಿದೆ ಎಂದು ಹೇಳಿಬಿಡುವರು. ಆಗಾ ಮರುಮಾತಿಲ್ಲದೆ ಚೀಲ ವಾಪಸು ಕಳಿಸುವರು.

ಗಿರಾಕಿಗಳೂ ದಿಕ್ಕಿಗೊಬ್ಬರು. ಸೊಸೆ ಹೆತ್ತಿದ್ದಾಳೆಂದು ಎಮಿರಾತಿ ಅಜ್ಜಿಯೊಬ್ಬರು ಬಂದು ‘ರಶಾದ್’ ಎಂದರೆ, ಯಾಕೂಬಾಕ ಕೆಂಪು ಸಣ್ಣ ಬೀಜದ ಚೀಲಕ್ಕೆ ಕೈ ಹಾಕುತ್ತ, ನಮ್ಮೂರಿನಲ್ಲೂ ಬಾಣಂತಿಗೆ ಇದನ್ನೇ ಬೆಲ್ಲ ಹಾಕಿ ಕೊಡುತ್ತಾರೆ, ನಾವು ಅಳ್ವಿ ಅನ್ನುತ್ತೇವೆ ಎಂದು ತಮ್ಮ ಅರೆಬರೆ ಅರಬಿಯಲ್ಲಿ ವಿವರಿಸುವರು. ಹೊಟ್ಟೆನೋವಿಗೆ ಹರ್ಜಲ್ ಎಲೆ ಹುಡುಕಿಕೊಂಡು ಸುಡಾನಿನ ಡ್ರೈವರ್ ಬರುವನು, ನಿದ್ದೆ ಇಲ್ಲವೆಂದು ಒಣಗಿದ ಬಿಳಿ ಹೂವು ಕೇಳುತ್ತ ರಷ್ಯಾದ ಹೆಂಗಸು. ಒಮ್ಮೆ ಫಿಲಿಪೀನ್ಸಿನ ಹುಡುಗಿಯೊಬ್ಬಳು ಕೆಮ್ಮುತ್ತ ಬಂದು ಮೊಬೈಲಿನಲ್ಲಿ ಒಂದು ಎಲೆಯ ಚಿತ್ರ ತೋರಿಸಿದಳು. ಅವಳ ಊರಿನಲ್ಲಿ ಅದು ಲಗುಂಡಿಯಂತೆ, ಕೆಮ್ಮಿಗೆ ಅದರ ಕಷಾಯವಂತೆ. ಯಾಕೂಬಾಕ ಚಿತ್ರ ನೋಡಿದವರೇ, “ಯಾ ಅಲ್ಲಾಹ್, ಇದು ನಮ್ಮ ನೆಕ್ಕಿ!” ಎಂದು ಕನ್ನಡದಲ್ಲೇ ಕೂಗಿದರು. ಉಚ್ಚಿಲದಲ್ಲಿ ಅವರ ಮನೆಯ ಬೇಲಿಯೇ ನೆಕ್ಕಿ. ಇಲ್ಲಿಯವರು ಗಾಫ್ ಎಂದು ಮೆರೆಸುವ ಮರಳುಗಾಡಿನ ಮರ ನಮ್ಮ ಕಡೆಯ ಬನ್ನಿಯೇ ಎಂದು ತಿಳಿದ ದಿನವಂತೂ ಅವರು ಊಟ ಮರೆತಿದ್ದರು. ನಮಗಾದರೆ ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ ಎಂದು ಸಾಲು ಸಾಲು ತಾಪತ್ರಯ, ಈ ಗಿಡಗಳು ಮಾತ್ರ ಹೆಸರು ಬದಲಿಸಿಕೊಂಡು ಹೋದಲ್ಲೆಲ್ಲ ಹಾಯಾಗಿವೆ ಎಂಬುದು ಅವರ ಯಾವತ್ತಿನ ತಕರಾರು. ಕಾಯಿಲೆ ಜೋರಿದ್ದವರನ್ನು ಕಂಡರೆ ಮಾತ್ರ ಚೀಲ ಮುಚ್ಚಿ, ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ ಎಂದು ಅಟ್ಟುವರು.

ಅವರದೊಂದು ಕೆಲಸದ ರೀತಿ ಇತ್ತು. ಗಿರಾಕಿ ಏನು ಕೇಳಿದರೂ ಮೊದಲು ಒಂದು ಚಿಟಿಕೆ ತೆಗೆದು ಅವರ ಅಂಗೈಗೆ ಹಾಕುವುದು. ಅವರು ಮೂಸಿ ನೋಡಲಿ, ಬೇಕಿದ್ದರೆ ಕಚ್ಚಿ ನೋಡಲಿ. ಆದರೆ ಗಿರಾಕಿಯ ಕೈ ಕಂಡದ್ದು ಮತ್ತೆ ಚೀಲ ಸೇರಕೂಡದು ಎಂದು ಆಗಾರ ಕಟ್ಟಪ್ಪಣೆ. ಹಾಗಾಗಿ ಉಳಿದ ಚೂರನ್ನು ಯಾಕೂಬಾಕ ತಮ್ಮ ಅಂಗಿಯ ಎಡಗಿಸೆಗೆ ಬಿಡುವರು. ಸಂಜೆಯ ಹೊತ್ತಿಗೆ ಆ ಕಿಸೆಯಲ್ಲಿ ಒಂದು ಪುಟ್ಟ ಪೇಟೆಯೇ ಇರುತ್ತಿತ್ತು. ಅಂಗಡಿ ಮುಚ್ಚುವಾಗ ಹೊಸ್ತಿಲಲ್ಲಿ ನಿಂತು, ಕಿಸೆ ಹೊರಗೆ ಮಗುಚಿ, ಪಟಪಟ ಕೊಡವಿ, ಆಮೇಲೆಯೇ ಅವರು ಬೀದಿಗೆ ಇಳಿಯುವುದು. ಯಜಮಾನನ ಮಾಲು ಒಂದು ಕಾಳಾದರೂ ಮನೆಗೆ ಹೋದರೆ ಹರಾಂ ಎಂದು ಅವರ ಲೆಕ್ಕ. “ಯಾಕೂಬಾಕ ಕಿಸೆ ಕೊಡವಿ ಆಯ್ತು, ಯಲ್ಲಾ, ಶಟರ್ ಎಳೀರಿ” ಎಂದು ಪಕ್ಕದ ಅಂಗಡಿಯ ಮಲಬಾರಿಗಳು ತಮಾಷೆ ಮಾಡುವರು. ಯಾಕೂಬಾಕ ಅದನ್ನು ಕಿವಿಗೆ ಹಾಕಿಕೊಂಡವರಲ್ಲ.

ಅಲ್ಲಿಂದ ಅಬ್ರಾ ಎಂಬ ದೋಣಿ ಹತ್ತಿ, ಖಾಡಿಯ ನೀರು ದಾಟಿ, ಬರ್ ದುಬೈಯ ಮನೆಗೆ. ಮನೆ ಎಂದರೆ ಶೇರಿಂಗ್. ಒಂದು ಕೋಣೆಯಲ್ಲಿ ಯಾಕೂಬಾಕ, ಅವರ ಹೆಂಡತಿ ರುಖಿಯಾ, ಮಗಳು ಜಸೀಲ. ಇನ್ನೊಂದರಲ್ಲಿ ಶಿರ್ವದ ಕೊಂಕಣಿ ಕ್ರಿಸ್ತಾನರಾದ ಅಗಾತಾ ಬಾಯಿ ಮತ್ತು ಅವರ ಸಂಸಾರ. ಅಡುಗೆಮನೆ ಒಂದೇ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ವರ್ಷಗಟ್ಟಲೆ ಜಗಳವಿಲ್ಲದೆ ಇದ್ದರು ಎಂದರೆ ಊರಿನವರು ಮೂಗಿನ ಮೇಲೆ ಬೆರಳಿಟ್ಟಾರು. ಜಗಳ ಇತ್ತು, ಆದರೆ ಅದು ಮೀನು ಹುರಿಯುವ ಹೊತ್ತಿಗೆ ಶುರುವಾಗಿ ಊಟದ ಹೊತ್ತಿಗೆ ಖಲಾಸ್ ಆಗುತ್ತಿತ್ತು.

ರುಖಿಯಾ ಬಾಲ್ಕನಿಯಲ್ಲಿ ತಿಮರೆ ಬೆಳೆಸಿದ್ದಳು. ಊರಿನ ಗದ್ದೆಯ ಅಂಚಿನಲ್ಲಿ ಹಬ್ಬುವ ಒಂದೆಲಗವನ್ನು ಅವಳು ಐಸ್‌ಕ್ರೀಮ್ ಡಬ್ಬಿಯಲ್ಲಿ ನೆಟ್ಟು, ಎಸಿಯ ಪೈಪು ತೊಟ್ಟಿಕ್ಕುವಲ್ಲಿ ಇಟ್ಟುಬಿಟ್ಟಳು. ಹೊರಗೆ ಕಲ್ಲು ಕರಗುವ ಬಿಸಿಲು, ಒಳಗೆ ತಂಪು, ಎರಡರ ನಡುವೆ ತೊಟ್ಟು ತೊಟ್ಟಾಗಿ ನೀರು. ತಿಮರೆ ಸೊಂಪಾಗಿ ಹಬ್ಬಿ ಡಬ್ಬಿಯಿಂದ ಹೊರಗೆ ಇಣುಕಿತು. ಪಕ್ಕದಲ್ಲಿ ದಾಸವಾಳ, ಗರುಗದ ಸೊಪ್ಪು, ಒಂದು ಸಪೂರ ಮದರಂಗಿ. ಇವೆಲ್ಲ ಸೇರಿಸಿ ಅವಳು ತೆಂಗಿನೆಣ್ಣೆ ಕಾಯಿಸುತ್ತಿದ್ದಳು. ಆ ಎಣ್ಣೆ ಅವಳ ತಲೆಗೆ, ಅಗಾತಾ ಬಾಯಿಯ ತಲೆಗೆ, ಜಸೀಲಳ ಎರಡು ಜಡೆಗೆ.

ಆ ಎಣ್ಣೆಯ ಪರಿಮಳ ಯಾಕೂಬಾಕರಿಗೆ ಇಡೀ ದಿನದ ಕೂಲಿ. ಅಂಗಡಿಯಿಂದ ಬಂದು, ಬೆನ್ನು ತಿರುಗಿಸಿ ಕೂತವಳ ತುರುಬಿನ ಹತ್ತಿರ ಮುಖ ತಂದು ಒಮ್ಮೆ ಉಸಿರು ಎಳೆದರೆ, ದಣಿವು ಯಾವ ಕಡೆಯಿಂದ ಹೋಯಿತೋ ತಿಳಿಯುತ್ತಿರಲಿಲ್ಲ. ಅದು ತಮ್ಮ ಊರಿನ ವಾಸನೆ ಎಂದು ಅವರು ನಂಬಿದ್ದರು. ಕಡಲಿನದೋ, ಬೇಲಿಯದೋ, ಹೆತ್ತ ಉಮ್ಮನ ಅಡುಗೆಮನೆಯದೋ, ಬಿಡಿಸಿ ಹೇಳಲು ಬರುತ್ತಿರಲಿಲ್ಲ.

“ಇದ್ರಲ್ಲಿ ಎಂತ ಹಾಕ್ತಿ ಮಾರಾಯ್ತಿ?” ಎಂದು ಕೇಳುವರು.

“ನಿಮ್ಮದೇ” ಎನ್ನುವಳು ರುಖಿಯಾ, ಕನ್ನಡಿಯಲ್ಲಿ ನಗುತ್ತ.

ಎಲ್ಲ ನಿಮ್ಮದೇ, ನಾನೂ ನಿಮ್ಮವಳೇ ಎಂಬ ಪ್ರೀತಿಯ ಮಾತು ಎಂದು ಯಾಕೂಬಾಕರಿಗೆ ಖುಷಿಯೋ ಖುಷಿ. ಮತ್ತೆ ಕೆದಕಲು ಹೋಗಲಿಲ್ಲ. ಜಗತ್ತಿನ ಬೇರುನಾರಿನ ಜಾತಕವನ್ನೆಲ್ಲ ಬಲ್ಲವರು ಹೆಂಡತಿಯ ಎಣ್ಣೆಯ ವಿಷಯದಲ್ಲಿ ಅಷ್ಟಕ್ಕೇ ತೃಪ್ತರಾದರು. ಹೆಂಗಸರ ಎಣ್ಣೆಯಲ್ಲಿ ಮೂಗು ತೂರಿಸಬಾರದು ಎಂಬ ದೊಡ್ಡಸ್ತಿಕೆ ಬೇರೆ. ಪೆರ್ನಾಲ್, ಅಂದರೆ ಈದಿನ ದಿನ ಅವಳು ಬುತ್ತಿ ಹಿಡಿದು ಅಂಗಡಿಗೆ ಬರುವಳು, ಆಗಾರಿಗೆ ಅಕ್ಕಿರೊಟ್ಟಿಯಂಥ ಪತ್ತಿರ್ ಮತ್ತು ಕೋಳಿ ಸಾರು ಕೊಟ್ಟು, ಎರಡು ಮಾತು ಆಡಿ, ಇಬ್ಬರೂ ನಕ್ಕು, ಹೊರಟುಹೋಗುವಳು. ಏನು ಮಾತು ಎಂದು ಯಾಕೂಬಾಕ ಅದನ್ನೂ ಕೇಳಲಿಲ್ಲ. ಹಬ್ಬದ ದಿನ ಅಂಗಡಿಯಲ್ಲಿ ಕೇಳಲು ಪುರುಸೊತ್ತಾದರೂ ಎಲ್ಲಿ?

ಜಸೀಲ ಮದುವೆಯಾಗಿ ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್ ಸೇರಿದಳು. ಅಗಾತಾ ಬಾಯಿಯೂ ಗಂಡ ತೀರಿಕೊಂಡ ಮೇಲೆ ಮಗ ಶರ್ವಿನ್ ಜೊತೆ ಅದೇ ಊರಿನ ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಹೋದರು. ಆಮೇಲೆ, ಜಗತ್ತೆಲ್ಲ ಬಾಗಿಲು ಹಾಕಿಕೊಂಡು ಕೂತ ಆ ವರ್ಷ, ಯಾಕೂಬಾಕರಿಗೂ ರುಖಿಯಾಳಿಗೂ ಒಟ್ಟಿಗೇ ಜ್ವರ ಬಂತು. ಬೇರೆ ಬೇರೆ ಆಂಬ್ಯುಲೆನ್ಸ್, ಬೇರೆ ಬೇರೆ ಆಸ್ಪತ್ರೆ. ಯಾಕೂಬಾಕ ಎದ್ದು ಬಂದರು. ರುಖಿಯಾ ಬರಲಿಲ್ಲ. ಅವಳನ್ನು ಇಲ್ಲಿಯ ಮರಳಿಗೆ ಒಪ್ಪಿಸುವಾಗ ಅವರು ಇನ್ನೂ ಹಾಸಿಗೆಯಲ್ಲಿ ಆಮ್ಲಜನಕ ಎಳೆಯುತ್ತಿದ್ದರು. ತೀರಿಕೊಂಡವರ ಮಯ್ಯತ್ತು ಮೀಯಿಸುವ ನೀರಿಗೆಂದು ಊರಿಗೆಲ್ಲ ಬೋರೆ ಎಲೆಯ ಪುಡಿ ಕಟ್ಟಿ ಕೊಟ್ಟ ಮನುಷ್ಯ, ತನ್ನ ಹೆಂಡತಿಯ ನೀರಿಗೆ ಯಾರಾದರೂ ಅದನ್ನು ಹಾಕಿದರೋ ಇಲ್ಲವೋ ಎಂದು ತಿಳಿಯದೆ ಉಳಿದರು. ಆ ಸಂಕಟಕ್ಕೆ ಮದ್ದು ಅವರ ಅಂಗಡಿಯಲ್ಲೂ ಇರಲಿಲ್ಲ.

ಮನೆಗೆ ಬಂದ ದಿನ ಅವರು ನೆಟ್ಟಗೆ ಹೋಗಿ ರುಖಿಯಾಳ ದಿಂಬಿನಲ್ಲಿ ಮುಖ ಹುದುಗಿಸಿದರು. ಎಣ್ಣೆಯ ಕಲೆ ಅಲ್ಲೇ ಇತ್ತು. ಪರಿಮಳ ಇರಲಿಲ್ಲ. ಮತ್ತೊಮ್ಮೆ ಎಳೆದರು, ಮಗದೊಮ್ಮೆ ಎಳೆದರು. ಓಡಿಹೋಗಿ ಅಡುಗೆಮನೆಯ ಲವಂಗದ ಡಬ್ಬಿ ತೆರೆದರು, ಸಾಬೂನು ಮೂಸಿದರು, ಕೊನೆಗೆ ಫಿನಾಯಿಲ್ ಬಾಟಲಿ. ಏನೂ ಇಲ್ಲ. ಜ್ವರ ಹೆಂಡತಿಯ ಜೊತೆಗೆ ಮೂಗನ್ನೂ ಕೊಂಡುಹೋಗಿತ್ತು.

ಆಗ ಅವರು ಒಂದು ಕೆಲಸ ಮಾಡಿದರು. ಬಟ್ಟೆಯಲ್ಲಿ ಪರಿಮಳ ಇದೆ, ಕೆಟ್ಟಿರುವುದು ತನ್ನ ಮೂಗು, ಅದು ಸರಿಯಾಗುವವರೆಗೆ ಪರಿಮಳ ಹಾರಿಹೋಗದಂತೆ ಹಿಡಿದಿಡಬೇಕು ಎಂದು ಲೆಕ್ಕ ಹಾಕಿದರು. ದಿಂಬಿನ ಚೀಲ ಕಳಚಿ, ಮಡಚಿ, ಅಂಗಡಿಯಿಂದ ಹಿಂದೆಂದೋ ಆಗಾ ಖಾಲಿ ಮಾಡಿ ಕೊಟ್ಟಿದ್ದ ಗಾಳಿಯಾಡದ ತಗಡಿನ ಡಬ್ಬಿಯಲ್ಲಿ ಇಟ್ಟು, ಮುಚ್ಚಳದ ಸುತ್ತ ಟೇಪು ಸುತ್ತಿ ಕಪಾಟಿನ ಮೇಲಿಟ್ಟರು. ಇನ್ನೊಂದೇ ಒಂದು ಸಲ ರುಖಿಯಾಳನ್ನು ಮೂಸಬೇಕು. ಅದಕ್ಕಿಂತ ದೊಡ್ಡ ಆಸೆ ಆ ದಿನದಿಂದ ಅವರಿಗೆ ಇರಲಿಲ್ಲ.

ಮೂಗಿಲ್ಲದ ದಿನಗಳು ಒಂದು ಬಗೆಯ ಮಂಪರಿನಲ್ಲಿ ಕಳೆದವು. ಬೆಳಿಗ್ಗೆ ಅಬ್ರಾದಲ್ಲಿ ಕೂತರೆ ನೀರು ಅಲುಗುವುದು ಕಾಣಿಸುತ್ತಿತ್ತು, ಕಡಲ ಹಕ್ಕಿಗಳು ಕೂಗುವುದು ಕೇಳಿಸುತ್ತಿತ್ತು, ಆದರೆ ಡೀಸೆಲಿಲ್ಲ, ಉಪ್ಪಿಲ್ಲ, ಪಕ್ಕದವನ ಅತ್ತರಿಲ್ಲ. ಎಲ್ಲವೂ ಗಾಜಿನ ಆಚೆ ನಡೆಯುತ್ತಿರುವ ಹಾಗೆ. ಅಂಗಡಿಯಲ್ಲಿ ನೂರು ಚೀಲಗಳ ನಡುವೆ ನಿಂತರೂ ಹಾಗೆಯೇ. ಆಗಾರ ಹತ್ತಿರ ವಿಷಯ ಮುಚ್ಚಿಡಲಿಲ್ಲ. ಮುದುಕ ಗಡ್ಡ ನೀವಿಕೊಂಡು, ನಿನ್ನ ಬೆರಳಿಗೂ ಗೊತ್ತು, ಕಣ್ಣಿಗೂ ಗೊತ್ತು, ಮೂಗು ನಿಧಾನಕ್ಕೆ ಬರಲಿ ಎಂದುಬಿಟ್ಟರು. ಯಾಕೂಬಾಕ ಎಲೆ ಮುರಿದು ಸದ್ದು ಕೇಳಿ, ಬೀಜ ಉಜ್ಜಿ ಜಿಡ್ಡು ನೋಡಿ ವ್ಯಾಪಾರ ಮಾಡಿದರು. ಚಿಟಿಕೆ ಗಿರಾಕಿಯ ಅಂಗೈಗೆ, ಉಳಿದದ್ದು ಎಡಗಿಸೆಗೆ, ಸಂಜೆ ಹೊಸ್ತಿಲಲ್ಲಿ ಪಟಪಟ. ಕೈಗಳು ತಮ್ಮ ಪಾಡಿಗೆ ಹಳೆಯ ಕೆಲಸ ಮಾಡಿಕೊಂಡು ಹೋದವು.

ಕನಸಿನಲ್ಲಿ ಮಾತ್ರ ಅವರಿಗೆ ವಾಸನೆ ಬರುತ್ತಿತ್ತು. ಅಬ್ರಾ ಖಾಡಿಯನ್ನು ಬಿಟ್ಟು ಎಲ್ಲಿಗೋ ತೇಲಿ ಹೋಗುವುದು, ಎರಡೂ ದಡದಲ್ಲಿ ನೆಕ್ಕಿಯ ನೀಲಿ ಹೂವು, ಗಾಫ್ ಮರದ ಕೆಳಗೆ ಉಚ್ಚಿಲದ ಬಾವಿ. ಅಬ್ರಾದ ತುದಿಯಲ್ಲಿ ರುಖಿಯಾ ಬೆನ್ನು ಹಾಕಿ ಕೂತಿರುವಳು. ಅವಳ ತುರುಬಿನ ಪರಿಮಳ ಗಾಳಿಯಲ್ಲಿ ತೆಳ್ಳಗೆ ತೇಲಿ ಬಂದು, ಇನ್ನೇನು ಹತ್ತಿರವಾಯಿತು ಎನ್ನುವಾಗ ಎಚ್ಚರವಾಗುವುದು. ಎದ್ದು ಕೂತರೆ ಎಸಿಯ ನೀರು ತೊಟ್ಟಿಕ್ಕುವ ಸದ್ದು. ತಿಮರೆಗೆ ಈಗಲೂ ನೀರು ಬೀಳುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಮತ್ತೆ ಮಲಗುವರು.

ಕಿವಿ, ಮೂಗಿನ ಡಾಕ್ಟರು ಮದ್ದೇನೂ ಕೊಡಲಿಲ್ಲ. ನಿಂಬೆ, ಗುಲಾಬಿ, ಲವಂಗ, ನೀಲಗಿರಿ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಮೂಸುತ್ತಿರಿ, ಮೂಸುವಾಗ ಅದರ ಹಳೆಯ ಪರಿಮಳ ನೆನಪು ಮಾಡಿಕೊಳ್ಳಿ, ಮೂಗಿಗೆ ದಾರಿ ನೆನಪಾದೀತು ಎಂದರು. ಪೇಟೆಯೇ ಮೂಸಲು ಬರುವ ಅಂಗಡಿಯಲ್ಲಿ ಕೂತು ಯಾಕೂಬಾಕ ಎಳೆಯ ಮಗುವಿನ ಹಾಗೆ ಅಆಇಈ ಶುರುಮಾಡಿದರು. ಲವಂಗ ಹಿಡಿದರೆ ಮದುವೆಯ ತುಪ್ಪದನ್ನ, ಆ ನೆಯ್‌ಚೋರು, ನೆನಪು ಮಾಡಿಕೊಂಡರು, ನೀಲಗಿರಿ ಹಿಡಿದರೆ ಶೀತವಾದ ಜಸೀಲಳ ಎದೆಗೆ ಎಣ್ಣೆ ಹಚ್ಚುತ್ತಿದ್ದ ರುಖಿಯಾಳನ್ನು. ತಿಂಗಳುಗಳು ಹೋದವು, ಒಂದು ವರ್ಷ ಹೋಯಿತು, ಇನ್ನೊಂದು. ಡಬ್ಬಿ ಕಪಾಟಿನ ಮೇಲೆಯೇ ಇತ್ತು.

ಒಂದು ಬೆಳಿಗ್ಗೆ ಅಬ್ರಾ ಹೊರಡುವಾಗ ಎಂಜಿನ್ ಕೆಮ್ಮಿ ಹೊಗೆ ಕಾರಿತು. ಯಾಕೂಬಾಕರ ಮೂಗಿನೊಳಗೆ ಏನೋ ಚುರ್ ಎಂದಿತು. ಡೀಸೆಲ್! ಅವರು ಎದ್ದು ನಿಂತು, “ಡೀಸೆಲ್, ಡೀಸೆಲ್” ಎಂದರು. ಅಬ್ರಾದ ಬಂಗಾಳಿ ಗಾಬರಿಯಾಗಿ ಎಂಜಿನ್ ನೋಡಿದ. ಎಲ್ಲಿಯೂ ಸೋರುತ್ತಿರಲಿಲ್ಲ. ಮುದುಕನ ಕಣ್ಣಲ್ಲಿ ಮಾತ್ರ ಧಾರಾಳ ಸೋರುತ್ತಿತ್ತು.

ವಾರ ಕಳೆದು ಲವಂಗ ಬಂತು. ಆಮೇಲೆ ಮೆಂತ್ಯ, ಅರ್ಧಂಬರ್ಧ ಗುಲಾಬಿ. ಇನ್ನು ತಡೆಯಲಾಗದೆ ಒಂದು ಮಧ್ಯಾಹ್ನ ನಮಾಜಿಗೆ ನಿಲ್ಲುವವರ ಹಾಗೆ ಕೈಕಾಲು ತೊಳೆದು ವುಳೂ ಮಾಡಿ, ಶುದ್ಧ ಅಂಗಿ ತೊಟ್ಟು, ಕಪಾಟಿನ ಮೇಲಿನ ಡಬ್ಬಿ ಇಳಿಸಿದರು. ಟೇಪನ್ನು ಸುತ್ತು ಸುತ್ತಾಗಿ ಬಿಚ್ಚಿದರು. ಮುಚ್ಚಳ ತೆರೆದು ದಿಂಬಿನ ಚೀಲಕ್ಕೆ ಮುಖವಿಟ್ಟರು.

ಕೇಸರಿ. ಬರೀ ಕೇಸರಿ.

ಅದು ಕೇಸರಿಯ ಡಬ್ಬಿ. ಖಾಲಿಯಾದ ಕೇಸರಿ ಡಬ್ಬಿಯಲ್ಲಿ ಬೇರೇನನ್ನೂ ಇಡಬಾರದು, ವರ್ಷಗಟ್ಟಲೆ ಅದರ ಗಮ ಹೋಗುವುದಿಲ್ಲ, ಇಟ್ಟದ್ದನ್ನೆಲ್ಲ ನುಂಗುತ್ತದೆ ಎಂಬುದು ಅವರ ಕಸುಬಿನವರಿಗೆ ಗೊತ್ತಿರುವ ಸಂಗತಿ. ಮೂಗು ಇದ್ದಿದ್ದರೆ ಮುಚ್ಚಳ ತೆಗೆದ ಕೂಡಲೇ ಬೇಡ ಎನ್ನುತ್ತಿತ್ತು. ಮೂಗಿಲ್ಲದ ದಿನ, ದುಃಖದಲ್ಲಿ, ಕೈಗೆ ಸಿಕ್ಕ ಡಬ್ಬಿ ಅದು. ತಾವೇ ತಮ್ಮ ಕೈಯಾರೆ ಅವಳನ್ನು ಕೇಸರಿಯಲ್ಲಿ ಹೂತುಬಿಟ್ಟಿದ್ದರು. ಯಾಕೂಬಾಕ ನೆಲದಲ್ಲಿ ಕೂತು ತುಂಬಾ ಹೊತ್ತು ಅತ್ತರು.

ಅತ್ತು ಮುಗಿದ ಮೇಲೆ ಅಗಾತಾ ಬಾಯಿಗೆ ಫೋನು ಮಾಡಿ, ಎಣ್ಣೆಗೆ ಏನೇನು ಎಂದು ಕೇಳಿದರು. ಬಟ್ಟೆಯಲ್ಲಿ ಹೋದರೆ ಹೋಗಲಿ, ಎಣ್ಣೆಯನ್ನೇ ಮತ್ತೆ ಕಾಯಿಸಿದರಾಯಿತು. ಅಗಾತಾ ಬಾಯಿ ನೆನಪಿದ್ದಷ್ಟು ಹೇಳಿದರು. ತಿಮರೆ ಬಾಲ್ಕನಿಯಲ್ಲೇ ಇತ್ತು. ದಾಸವಾಳ, ಗರುಗ, ಮದರಂಗಿ, ಕರಿಬೇವು, ಒಂದು ಹಿಡಿ ಮೆಂತ್ಯ, ಕರಿಜೀರಿಗೆ. ಎಲೆಯ ಚಟಪಟ ನಿಂತ ಕೂಡಲೇ ಇಳಿಸಬೇಕು. ಎಲ್ಲ ಹೇಳಿದ ಹಾಗೇ ಮಾಡಿದರು. ಆರಿದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದರೆ ಒಳ್ಳೆಯ ಎಣ್ಣೆಯ ವಾಸನೆ ಬಂತು. ರುಖಿಯಾ ಬರಲಿಲ್ಲ. ಎರಡನೆಯ ಸಲ ಕಾಯಿಸಿದರು, ಎಲೆ ಹೆಚ್ಚು ಹಾಕಿದರು, ಉರಿ ಕಡಿಮೆ ಮಾಡಿದರು. ಆಗಲೂ ಬರಲಿಲ್ಲ. ತಪ್ಪು ಎಣ್ಣೆಯದೋ ಮೂಗಿನದೋ ಎಂದು ಅವರಿಗೆ ಬಗೆಹರಿಯಲಿಲ್ಲ. ತಿಳಿಯಬೇಕಾದರೆ ಆ ಎಣ್ಣೆ ಹಚ್ಚಿಕೊಂಡ ಇನ್ನೊಂದು ತಲೆಯೇ ಹೇಳಬೇಕು.

ಆಗಾರ ಮನೆಯಲ್ಲಿ ನಿಕಾಹ್ ಎಂದು ಅಂಗಡಿ ಮಧ್ಯಾಹ್ನವೇ ಮುಚ್ಚಿದ ಒಂದು ಶನಿವಾರ, ಯಾಕೂಬಾಕ ಹೊಸ್ತಿಲಲ್ಲಿ ಕಿಸೆ ಕೊಡವಿ, ಅಂಗಡಿಯ ಅಂಗಿಯಲ್ಲೇ, ಎಣ್ಣೆ ಬಾಟಲಿ ಹಿಡಿದು ಅಬುಧಾಬಿಯ ಬಸ್ ಹತ್ತಿದರು. ದಾರಿಯುದ್ದಕ್ಕೂ ಮಾಸಲು ಮರಳು, ಅಲ್ಲಲ್ಲಿ ಒಂಟಿ ಗಾಫ್ ಮರ, ಗಾಜಿನಲ್ಲಿ ತೂಗುವ ತಮ್ಮದೇ ಮುಖ. ಬಸ್ ನಿಲ್ದಾಣದಲ್ಲಿ ಜಸೀಲ ಕಾರು ತಂದು ಕಾಯುತ್ತಿದ್ದಳು. ಟೂರಿಸ್ಟ್ ಕ್ಲಬ್ ಏರಿಯಾದ ಬಿಲ್ಡಿಂಗ್ ಮುಂದೆ ಅಪ್ಪನನ್ನು ಇಳಿಸಿ, “ನೀವು ಹೋಗಿ ಉಪ್ಪ, ಇಲ್ಲಿ ಪಾರ್ಕಿಂಗ್ ಸಿಗ್ಲಿಕ್ಕೆ ಎಷ್ಟು ಸುತ್ತು ಉಂಟೋ ಗೊತ್ತಿಲ್ಲ” ಎಂದು ಮುಂದೆ ಹೋದಳು.

ಅಗಾತಾ ಬಾಯಿಯ ಕೂದಲು ಹತ್ತಿಯಷ್ಟು ಬೆಳ್ಳಗಾಗಿತ್ತು. ಮಗ, ಸೊಸೆ, ಮೊಮ್ಮಗಳು ಮಾಲ್‌ಗೆ ಹೋಗಿದ್ದರು. ಕಟ್ ಚಾ ಮಾಡಿ ಕೊಟ್ಟು, ಅಡುಗೆಮನೆಯಲ್ಲೇ ಸ್ಟೂಲ್ ಎಳೆದು ಕೂರಿಸಿ, ಬಾಟಲಿ ತೆರೆದು ಮೂಸಿದರು. ಅಂಗೈಗೆ ಹಾಕಿ ಉಜ್ಜಿ ಮತ್ತೆ ಮೂಸಿದರು.

“ಎಲ್ಲ ಸರಿ ಉಂಟು ಯಾಕೂಬಾಕ. ತಿಮರೆ ಉಂಟು, ಗರುಗ ಉಂಟು. ಹದವೂ ಸರಿ ಉಂಟು. ಆದ್ರೆ ಇದಕ್ಕೆ ನಿಮ್ಮದು ಹಾಕ್ಲಿಲ್ಲ ಅಲ್ವಾ?”

“ನಮ್ಮದು ಅಂದ್ರೆ ಎಂತ ಬಾಯಿ?”

“ನಿಮ್ಮದೇ ಮಾರಾಯ್ರೆ. ನಿಮ್ಮ ಕಿಸೆದು.”

ಯಾವ ಕಿಸೆ ಎಂದು ಯಾಕೂಬಾಕ ಅಂಗಿ ಮುಟ್ಟಿ ನೋಡಿಕೊಂಡರು. ಅಗಾತಾ ಬಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ದೇವಾ, ಅವಳು ನಿಮ್ಗೆ ಕಡೇವರೆಗೂ ಹೇಳ್ಲೇ ಇಲ್ವಾ? ಫೋನಲ್ಲಿ ಕೇಳಿದಾಗ ನಾನು ಅದನ್ನ ಹೇಳ್ಲಿಲ್ಲ, ನಿಮ್ಮ ಹತ್ರ ಇದ್ದೇ ಇರ್ತದಲ್ಲ ಅಂತ. ದಿನಾ ಅಂಗಿ ಮೆಷಿನ್ನಿಗೆ ಹಾಕುವ ಮುಂಚೆ ರುಖಿಯಾ ನಿಮ್ಮ ಕಿಸೆ ಮಗುಚ್ತಿದ್ಲು. ನೀವು ಎಷ್ಟು ಕೊಡವಿದ್ರೂ ಮೂಲೇಲಿ, ಹೊಲಿಗೇಲಿ ಸ್ವಲ್ಪ ಉಳೀತಿತ್ತು. ತಲೆಯ ಪಿನ್ನು ತೆಗ್ದು ಕೆರ್ದು ಕೆರ್ದು ಜಾಮ್ ಬಾಟ್ಲಿಗೆ ಹಾಕ್ತಿದ್ಲು. ಎಣ್ಣೆ ಇಳ್ಸುವಾಗ ಕಡೆಗೆ ಅದು. ಅದಿಲ್ಲದೆ ಎಣ್ಣೆ ಮಾಡಿದ್ದೇ ಇಲ್ಲ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಬಿಡ್ತಿದ್ರಾ? ಅಂಗಡಿ ಮಾಲು ಹರಾಂ ಅಂತ ಎಣ್ಣೆ ತಂದು ಸಿಂಕಿಗೆ ಚೆಲ್ತಿದ್ರಿ. ಅದಕ್ಕೇ ನನ್ನ ಬಾಯಿ ಕಟ್ಟಿ ಹಾಕಿದ್ದು.”

ಹೆಂಡತಿ ಕಿಸೆ ಮಗುಚುವುದನ್ನು ಯಾಕೂಬಾಕ ಸಾವಿರ ಸಲ ನೋಡಿದ್ದರು. ಬಸ್ ಕಾರ್ಡಿಗೆ ತಡಕುತ್ತಾಳೆ ಎಂದುಕೊಂಡಿದ್ದರು. ಎಲ್ಲ ಹೆಂಡಂದಿರೂ ಕಿಸೆ ತಡಕುತ್ತಾರೆ. ಈಗ ಆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕನ್ನಡಿಯಲ್ಲಿ ನಗುತ್ತಿದ್ದ ಆ ಮುಖ ನೆನಪಾಯಿತು. ಇದ್ರಲ್ಲಿ ಎಂತ ಹಾಕ್ತಿ? ನಿಮ್ಮದೇ. ಅವಳು ವರ್ಷಗಟ್ಟಲೆ ಸತ್ಯವನ್ನೇ ಹೇಳುತ್ತಿದ್ದಳು. ಇವರು ಅದನ್ನು ಪ್ರೀತಿಯ ಮಾತು ಎಂದು ತಿಳಿದಿದ್ದರು. ಅದು ಪ್ರೀತಿಯ ಮಾತೂ ಹೌದಾಗಿತ್ತು.

“ಕಿಸೆ ತೋರ್ಸಿ” ಎಂದರು ಅಗಾತಾ ಬಾಯಿ, ಅಕ್ಕನ ಗತ್ತಿನಲ್ಲಿ.

ಯಾಕೂಬಾಕ ಎಡಗಿಸೆ ಮಗುಚಿದರು. ಬರಿಗಣ್ಣಿಗೆ ಏನೂ ಇರಲಿಲ್ಲ. ಅಗಾತಾ ಬಾಯಿ ತಮ್ಮ ಬಿಳಿ ತುರುಬಿನಿಂದ ಪಿನ್ನು ಕಿತ್ತು ಕೊಟ್ಟರು. ಹೊಲಿಗೆಯ ಮೂಲೆಯನ್ನು ಕೆರೆದಾಗ ಸಾಸರಿನ ಮೇಲೆ ಒಂದು ಚಿಟಿಕೆಗೂ ಕಡಿಮೆ ಪುಡಿ ಬಿತ್ತು. ಗುಲಾಬಿ ಎಸಳಿನ ಚೂರು, ಕಪ್ಪು ಬೀಜ ಒಂದೆರಡು, ಝಅತರ್ ಎಂಬ ಅರಬಿ ಸೊಪ್ಪಿನ ಎಲೆಯ ತುದಿ, ಕರ್ಕಡೆಯ ಕೆಂಪು, ಸಾಂಬ್ರಾಣಿಯ ಸಣ್ಣ ಹರಳು. ಅಗಾತಾ ಬಾಯಿ ಸ್ಟವ್ ಹಚ್ಚಿ ಎಣ್ಣೆ ಬಿಸಿಗಿಟ್ಟರು. ಸಾಸರ್ ಎತ್ತಿದ ಯಾಕೂಬಾಕರ ಕೈ ಅರ್ಧದಲ್ಲಿ ನಿಂತಿತು.

“ಒಂದು ನಿಮಿಷ ಬಾಯಿ. ಆಗಾರನ್ನ ಕೇಳ್ಬೇಕು.”

“ಈ ಮನುಷ್ಯನಿಗೆ ಎಂತ ಹೇಳುದು!” ಎಂದು ಅಗಾತಾ ಬಾಯಿ ಹಣೆ ಚಚ್ಚಿಕೊಂಡರು. ಯಾಕೂಬಾಕ ಆಗಲೇ ಫೋನು ಕಿವಿಗಿಟ್ಟಿದ್ದರು. ಆ ಕಡೆ ನಿಕಾಹಿನ ಮನೆಯ ಗದ್ದಲ. ತಮ್ಮ ಹರುಕು ಮುರುಕು ಹಿಂದಿಯಲ್ಲಿ, ಆಗಾ, ನನ್ನ ಜೇಬಿನ ಮೂಲೆಯಲ್ಲಿ ಅಂಗಡಿಯ ಸ್ವಲ್ಪ ಪುಡಿ ಉಳಿದಿದೆ, ಇಷ್ಟು ವರ್ಷವೂ ಉಳಿಯುತ್ತಿತ್ತಂತೆ, ಅದನ್ನು ನನಗೆ ಹಲಾಲ್ ಮಾಡಿಕೊಡಿ ಎಂದು ಒದ್ದಾಡುತ್ತ ಹೇಳಿದರು.

ಆ ಕಡೆ ಗದ್ದಲದಿಂದ ಆಚೆ ಸರಿದು ಬಾಗಿಲು ಹಾಕಿಕೊಂಡ ಸದ್ದಾಯಿತು. ಆಮೇಲೆ ಆಗಾರ ಮುದಿ ದನಿ ಕೇಳಿತು.

“ಜೇಬ್? ಅದಾ? ನಿನ್ನ ಬೀಬಿ ಪ್ರತಿ ಈದಿಗೂ ಬಂದು ಕೇಳುತ್ತಿದ್ದಳಲ್ಲ, ‘ಆಗಾ, ಜೇಬ್ ಹಲಾಲ್?’ ಅಂತ. ನಾನು ಹಲಾಲ್, ಹಲಾಲ್ ಅನ್ನುತ್ತಿದ್ದೆ. ಯಾವ ಜೇಬು, ಎಂಥದ್ದು, ನನಗೆ ಎಂದೂ ಅರ್ಥವಾಗಲಿಲ್ಲ. ನಿಮ್ಮ ಊರಿನ ಏನೋ ರಿವಾಜು ಅಂದುಕೊಂಡಿದ್ದೆ. ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಇವತ್ತಿನದೂ ಹಲಾಲ್.”

ಯಾಕೂಬಾಕರಿಗೆ ಫೋನು ಇಡುವುದೂ ನೆನಪಾಗಲಿಲ್ಲ. ಗಂಡನಿಗೆ ಗೊತ್ತಾಗದ ಹಾಗೆ ಅವಳು ಕಿಸೆ ಕೆರೆದಿದ್ದಳು. ಗಂಡನಿಗೆ ಗೊತ್ತಾಗದ ಹಾಗೆಯೇ ಅವನ ಮೇಲೆ ಒಂದು ಕಾಳಿನ ಹರಾಮೂ ಉಳಿಯದಂತೆ ವರ್ಷ ವರ್ಷವೂ ಹೋಗಿ ತೊಳೆದು ಬಂದಿದ್ದಳು. ಅಂಥವಳಿಗೆ ಒಮ್ಮೆಯೂ ಏನನ್ನೂ ಸರಿಯಾಗಿ ಕೇಳಲಿಲ್ಲವಲ್ಲ ಎಂದು ಅವರು ತಮ್ಮನ್ನೇ ಹಳಿದುಕೊಂಡರು.

ಪುಡಿ ಎಣ್ಣೆಗೆ ಬಿತ್ತು. ಸಣ್ಣಗೆ ಸುಂಯ್ ಎಂದಿತು. ಅಗಾತಾ ಬಾಯಿ ಉರಿ ಆರಿಸಿದರು.

ಮೊದಲು ಸಾಂಬ್ರಾಣಿ ಬಂತು. ಅದರ ಹಿಂದೆ ಏನೋ ಹಸಿರು, ಗುಲಾಬಿಯ ತೆಳ್ಳನೆಯ ಎಳೆ. ಯಾಕೂಬಾಕರ ಮೂಗು ಹಿಡಿಯಿತು, ಕೈಬಿಟ್ಟಿತು, ಮತ್ತೆ ಹಿಡಿಯಿತು. ಕಣ್ಣು ಮುಚ್ಚಿದರು. ಅಬ್ರಾ ತೇಲಿತು, ನೆಕ್ಕಿ ಹೂವು ಅಲುಗಿತು. ತುರುಬು ಹತ್ತಿರ ಬಂತು, ಇನ್ನೂ ಹತ್ತಿರ. ಇದು ಊರಿನ ವಾಸನೆ ಎಂದು ನಂಬಿದ್ದು ಎಂಥ ಬೆಪ್ಪುತನ! ಊರು ಎಲ್ಲಿತ್ತು ಇದರಲ್ಲಿ? ತಮ್ಮ ಅಂಗಡಿ ಇತ್ತು, ತಮ್ಮ ಬೆವರಿನ ಅಂಗಿ ಇತ್ತು, ಅಂಗೈ ಚಾಚಿದ ಗಿರಾಕಿಗಳೆಲ್ಲರೂ ಇದ್ದರು. ಅವಳು ಅದನ್ನೆಲ್ಲ ತಲೆಯ ಮೇಲೆ ಹೊತ್ತು ಓಡಾಡಿದ್ದಳು. ಆದರೂ ಅವರ ಮೂಗಿನ ಮೇಲೆ ಅವರಿಗೇ ನಂಬಿಕೆ ಸಾಲದು. ಇದು ಅವಳೇ ಹೌದೋ, ಆಸೆಯೇ ಪರಿಮಳದ ವೇಷ ಹಾಕಿ ಬಂದಿದೆಯೋ? ಅಗಾತಾ ಬಾಯಿಯನ್ನು ಕೇಳೋಣವೆಂದರೆ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಅಷ್ಟರಲ್ಲಿ ಹೊರಬಾಗಿಲು ತೆರೆದ ಸದ್ದಾಯಿತು. ಜಸೀಲ ಪಾರ್ಕಿಂಗನ್ನು ಬೈಯುತ್ತ ಒಳಗೆ ಬಂದಳು. ಚಪ್ಪಲಿ ಬಿಡುತ್ತಿದ್ದವಳು ಅರ್ಧದಲ್ಲೇ ನಿಂತಳು. ಬೈಗುಳ ನಿಂತಿತು. ಹಜಾರದ ಕತ್ತಲಲ್ಲಿ, ಯಾರೂ ಕಾಣದ ಕಡೆಗೆ ತಿರುಗಿ, ಎರಡು ಜಡೆಯ ಕಾಲದ ದನಿಯಲ್ಲಿ ಕರೆದಳು.

“ಉಮ್ಮ?”

ಯಾಕೂಬಾಕ ಕಣ್ಣು ತೆರೆದರು.

ಜಸೀಲ ಅಡುಗೆಮನೆಯ ಬಾಗಿಲಿಗೆ ಬಂದು, ಒಲೆಯ ಮೇಲಿನ ಪುಟ್ಟ ಬಾಣಲೆ ನೋಡಿದಳು, ಹೊರಗೆ ಜೋತ ಅಪ್ಪನ ಕಿಸೆ ನೋಡಿದಳು. “ಉಪ್ಪ, ಇದ್ರಲ್ಲಿ ಎಂತ ಹಾಕಿದ್ದು?” ಎಂದಳು ಅಳುತ್ತ.

“ನಮ್ಮದೇ” ಎಂದರು ಯಾಕೂಬಾಕ. ಮಗಳನ್ನು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂರಿಸಿ, ಎಣ್ಣೆ ಆರುವುದನ್ನು ಕಾಯುತ್ತ ನಿಂತರು.